ಅಜ್ಜನ ಹೆಸರು, ಅಜ್ಜಿಯ ತೊಟ್ಟಿಲು

ಐಹೊಳೆಯ ಶಾಸನವೊಂದು ಚಾಲುಕ್ಯ ವಿಕ್ರಮವರ್ಷದ ೯೪ನೆಯ ವಿರೋಧಿ ಸಂವತ್ಸರದಲ್ಲಿ, ಎಂದರೆ ಕ್ರಿಸ್ತಶಕ ೧೧೬೯-೭೦ರಲ್ಲಿ, ಬಿಜ್ಜಳ ಮತ್ತು ವಿಕ್ರಮರೆಂಬ ಇಬ್ಬರು ಸಹೋದರರು ಕಿಸುಕಾಡು ಎಪ್ಪತ್ತು, ಬಾಗಡಗೆ ಎಪ್ಪತ್ತು, ಕೆಲವಾಡಿ ಮುನ್ನೂರು ಎಂಬ ನಾಡುಗಳನ್ನು ಜೊತೆಯಾಗಿ ಆಳುತ್ತಿದ್ದರೆಂದು ತಿಳಿಸುತ್ತದೆ. ಈ ಸಹೋದರರು ಎರಂಬರಗೆಯ ಸಿಂದ ವಂಶದವರು. ಎರಂಬರಗೆಯೆಂದರೆ ಈಗಿನ ಯಲಬುರ್ಗಿ. ಅವರ ತಂದೆ ಇಮ್ಮಡಿ ಚಾವುಂಡ, ತಾಯಿ ಸಿರಿಯಾದೇವಿ. ಈ ಸಿರಿಯಾದೇವಿಯು ಕಲ್ಯಾಣದ ಸಿಂಹಾಸನವನ್ನು ಚಾಲುಕ್ಯರಿಂದ ಕಸಿದುಕೊಂಡ ಕಲಚುರಿ ಬಿಜ್ಜಳನಿಗೂ ಏಚಲದೇವಿಗೂ ಹುಟ್ಟಿದ ಮಗಳು. ಆದುದರಿಂದ ಐಹೊಳೆಯ ಶಾಸನದಲ್ಲಿ ಕಾಣುವ ಬಿಜ್ಜಳನು ತನ್ನ ತಾಯಿಯ ತಂದೆಯ ಹೆಸರನ್ನು ಹೊತ್ತ ಮೊಮ್ಮಗನೆಂಬುದು ಸ್ಪಷ್ಟವಾಗಿದೆ.

ಇಷ್ಟರಲ್ಲಿ ವಿಶೇಷವೇನೆಂದು ವಾಚಕರು ಕೇಳಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಇಂದಿಗೂ ಮನೆಮನೆಯಲ್ಲಿ ನಡೆಯುವ ಕಾರ್ಯವೇ ಆಗಿದೆ. ಆದರೆ ಚಾವುಂಡನ ಮನೆಯಲ್ಲಿ ಹೆಸರುಗಳು ಹಂಚಿಕೆಯಾದ ಬಗೆಯನ್ನು ಸಾವಧಾನವಾಗಿ ನೋಡಿದರೆ, ಅಜ್ಜನಾಗುವುದೆಂದರೆ ಆ ಕಾಲದವರಿಗೆ ಏನೆಂಬುದು ಬೇರಾವ ಗ್ರಂಥದಿಂದಲೂ ತಿಳಿಯದಷ್ಟು ಚೆನ್ನಾಗಿ ತಿಳಿದುಬರುತ್ತದೆ. ಚಾವುಂಡನಿಗೆ ದೇಮಲದೇವಿಯೆಂಬ ಮತ್ತೊಬ್ಬ ರಾಣಿಯಿದ್ದಳು. ಆಕೆಯ ಹಿರಿಯ ಮಗನ ಹೆಸರು ಆಚಿದೇವ. ೧೧೬೩ರಲ್ಲಿ ದೇಮಲದೇವಿಯೂ ಆಚಿದೇವನೂ ಪಟ್ಟದಕಲ್ಲಿನಿಂದ ಆಳುತ್ತಿದ್ದರೆಂದು ಅಲ್ಲಿಯ ಶಾಸನವು ಹೇಳುತ್ತದೆ. ಚಾವುಂಡನ ತಂದೆಯು ಯಾರೆಂದರೆ ಇಮ್ಮಡಿ ಆಚುಗಿ. ಈತನು ಆರನೆಯ ವಿಕ್ರಮಾದಿತ್ಯನ ಮಹಾಮಂಡಲೇಶ್ವರನಾಗಿ ಹೊಯ್ಸಳರನ್ನು ಹಿಮ್ಮೆಟ್ಟಿಸಿ ಗೋವೆಯನ್ನು ಹಿಡಿದವನೆಂದು ವಂಶದ ಶಾಸನಗಳು ಹೊಗಳುತ್ತವೆ. ಹೀಗೆ ಒಬ್ಬ ರಾಣಿಯ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು. ಮತ್ತೊಬ್ಬ ರಾಣಿಯ ಮಗನಿಗೆ ತಾಯಿಯ ತಂದೆಯ ಹೆಸರು. ಒಂದೇ ಅರಮನೆಯ ಅಂಗಳದಲ್ಲಿ ಇಬ್ಬರು ಅಜ್ಜಂದಿರು ಮಕ್ಕಳ ರೂಪದಲ್ಲಿ ಆಡಿಕೊಂಡಿದ್ದರೆನ್ನಬಹುದು.

ಈ ಎರಡು ಹೆಸರುಗಳ ತೂಕವು ಒಂದೇ ಅಲ್ಲ. ಆಚುಗಿಯು ಹನ್ನೆರಡನೆಯ ಶತಮಾನದ ಮೊದಲ ಪಾದದಲ್ಲಿ ಮೆರೆದವನು. ೧೧೪೪ರ ವೇಳೆಗೆ ಆತನ ಹಿರಿಯ ಮಗ ಪೆರ್ಮಾಡಿಯು ಆಳುತ್ತಿದ್ದನು. ಆಚಿದೇವನು ಹುಟ್ಟಿದಾಗ ಅಜ್ಜನು ಬದುಕಿದ್ದನೋ ಇಲ್ಲವೋ ಶಾಸನವು ಹೇಳದು. ಆತನು ಗತಿಸಿದ ಮೇಲೆಯೇ ಆ ಹೆಸರು ಮರಳಿ ಬಂದಿರುವ ಸಂಭವ ಹೆಚ್ಚು. ಅದು ಗತಿಸಿದ ಹಿರಿಯನಿಗೆ ಸಲ್ಲಿಸಿದ ಮರ್ಯಾದೆ. ಆತನಿಗೆ ‘ಇಮ್ಮಡಿ’ ಎಂಬ ವಿಶೇಷಣವು ಸಲ್ಲುವುದರಿಂದಲೇ ಆ ಹೆಸರಿನ ಇನ್ನೊಬ್ಬ ಹಿರಿಯನು ಅದಕ್ಕೂ ಮುಂಚೆ ಇದ್ದನೆಂದು ತಿಳಿಯುವುದಾದುದರಿಂದ ಅದು ವಂಶದ ಒಡವೆಯಂತೆ ಕೈಯಿಂದ ಕೈಗೆ ಬಂದ ಹೆಸರು. ಬಿಜ್ಜಳನ ಮಾತು ಬೇರೆ. ಆತನು ೧೧೬೭-೬೮ರ ಸುಮಾರಿಗೆ ತೀರಿಕೊಂಡನು. ೧೧೬೯ರಲ್ಲಿ ನಾಡನ್ನಾಳುತ್ತಿದ್ದ ಮೊಮ್ಮಗನು ಅಜ್ಜನು ಬದುಕಿದ್ದಾಗಲೇ, ಅದೂ ಆತನ ಪ್ರತಾಪವು ಏರುತ್ತಿದ್ದ ದಿನಗಳಲ್ಲಿಯೇ, ಹುಟ್ಟಿ ಆ ಹೆಸರನ್ನು ಪಡೆದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ. ಅದು ಸ್ಮರಣೆಯಲ್ಲ, ಬೆಸುಗೆ.

ಬೆಸುಗೆಯ ಅಗತ್ಯವೂ ಇದ್ದಿತು. ೧೧೬೩ರ ಪಟ್ಟದಕಲ್ಲಿನ ಶಾಸನವು ಚಾವುಂಡನನ್ನು ಚಾಲುಕ್ಯ ತೈಲಪನ ಸಾಮಂತನೆಂದೇ ಕರೆಯುತ್ತದೆ. ತೈಲಪನ ರಾಜ್ಯವನ್ನು ನುಂಗಿದವನು ಚಾವುಂಡನ ಮಾವನೇ! ಒಂದು ಕಡೆ ಕುಲಕ್ರಮವಾಗಿ ಬಂದ ಒಡೆಯನ ಋಣ. ಇನ್ನೊಂದು ಕಡೆ ಹೆಂಡತಿಯ ತಂದೆಯ ಖಡ್ಗ. ಇವೆರಡರ ನಡುವೆ ಯಲಬುರ್ಗಿಯ ಮಂಡಲೇಶ್ವರನು ತನ್ನ ಮಗನನ್ನು ಬಿಜ್ಜಳನೆಂದು ಕರೆದನು. ಇನ್ನೊಬ್ಬ ಮಗನ ಹೆಸರು ವಿಕ್ರಮ. ಅದು ಅಜ್ಜ ಆಚುಗಿಯ ಒಡೆಯನಾಗಿದ್ದ ವಿಕ್ರಮಾದಿತ್ಯನ ನೆನಪೇ ಎಂದು ಸಾಧಿಸಲು ಆಧಾರವಿಲ್ಲವಾದರೂ, ಆ ಸಹೋದರರ ಶಾಸನವು ಕಲಚುರಿಗಳ ಗಣನೆಯನ್ನು ಬಿಟ್ಟು, ವಿಕ್ರಮಾದಿತ್ಯನು ತೀರಿಕೊಂಡು ನಾಲ್ವತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆಯೂ, ಅವನ ವರ್ಷವನ್ನೇ ಎಣಿಸಿರುವುದು ಗಮನಾರ್ಹವಾಗಿದೆ. ಬಿಜ್ಜಳನೆಂಬ ಹೆಸರಿನ ಹುಡುಗನು ಚಾಲುಕ್ಯರ ಶಕೆಯಲ್ಲಿ ಆಳುತ್ತಾನೆ! ಮುಂದೆ ೧೧೮೦ರ ಸುಮಾರಿಗೆ ರೋಣದ ಶಾಸನದಲ್ಲಿ ವಿಕ್ರಮನು ಕಲಚುರಿ ಸಂಕಮನ ಅಧೀನನಾಗಿ ಕಾಣಿಸಿಕೊಳ್ಳುತ್ತಾನೆ. ಸಂಕಮನು ಬಿಜ್ಜಳನ ಮಗನಾದುದರಿಂದ ವಿಕ್ರಮನಿಗೆ ಸೋದರಮಾವನಾಗಬೇಕು. ಅಜ್ಜನು ಹೋದರೂ ತವರಿನ ನಂಟು ಉಳಿದುಕೊಂಡಿದ್ದಿತೆಂಬುದಕ್ಕೆ ಇದು ಸಾಕ್ಷಿ.

ಮೊಮ್ಮಗನಲ್ಲಿ ಅಜ್ಜನು ಮರಳಿ ಬರುವನೆಂಬ ಭಾವನೆ ಸಿಂದರದೇ ಅಲ್ಲ. ಬಾದಾಮಿಯ ಚಾಲುಕ್ಯರಲ್ಲಿ ಮೊದಲನೆಯ ಪುಲಿಕೇಶಿ, ಅವನ ಮಗ ಕೀರ್ತಿವರ್ಮ, ಅವನ ಮಗ ಇಮ್ಮಡಿ ಪುಲಿಕೇಶಿ. ಉತ್ತರದ ಗುಪ್ತರಲ್ಲಿ ಚಂದ್ರಗುಪ್ತ, ಸಮುದ್ರಗುಪ್ತ, ಮತ್ತೆ ಚಂದ್ರಗುಪ್ತ. ಗಂಗಾವತಿಯ ಮಗ್ಗುಲಲ್ಲಿರುವ ಆನೆಗುಂದಿಯಿಂದ ತಲೆಯೆತ್ತಿ ತುಂಗಭದ್ರೆಯ ಆಚೆಯ ದಡಕ್ಕೆ ಹಬ್ಬಿದ ವಿಜಯನಗರದ ಸಂಗಮ ವಂಶದಲ್ಲಿ ಇದೇ ಕ್ರಮವು ಎರಡು ಸಲ ಕಾಣುತ್ತದೆ: ೧೩೭೭ರಲ್ಲಿ ತೀರಿಕೊಂಡ ಬುಕ್ಕರಾಯನ ಹೆಸರನ್ನು ಇಮ್ಮಡಿ ಹರಿಹರನ ಮಗನು ಹೊತ್ತನು, ಮೊದಲನೆಯ ದೇವರಾಯನ ಹೆಸರನ್ನು ಅವನ ಮಗ ವೀರವಿಜಯನ ಮಗನು, ಎಂದರೆ ಪ್ರೌಢದೇವರಾಯನೆಂದು ಪ್ರಸಿದ್ಧನಾದ ಇಮ್ಮಡಿ ದೇವರಾಯನು, ಹೊತ್ತನು. ಗ್ರೀಸ್ ದೇಶದ ಅಥೆನ್ಸಿನಲ್ಲಿಯೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನಿಡುವುದು ರೂಢಿಯಾಗಿದ್ದಿತು. ಮ್ಯಾರಥಾನ್ ಕಾಳಗವನ್ನು ಗೆದ್ದ ಮಿಲ್ಟಿಯಾಡಿಸನ ತಂದೆಯೂ ಕೀಮೋನ್, ಮಗನೂ ಕೀಮೋನ್. ತಮಿಳರಂತೂ ಮೊಮ್ಮಗನನ್ನು ‘ಪೇರನ್’ ಎಂದೇ ಕರೆಯುತ್ತಾರೆ. ‘ಪೇರ್’ ಎಂದರೆ ಹೆಸರು, ಅದನ್ನು ಹೊತ್ತವನೇ ಪೇರನ್. ಕನ್ನಡದ ಮೊಮ್ಮಗನಲ್ಲಿ ‘ಹೆಸರು’ ಇಲ್ಲ, ‘ಮಗ’ನಿದ್ದಾನೆ. ಮಗನೇ ಇನ್ನೊಮ್ಮೆ ಹುಟ್ಟಿದನೆಂದು ಕನ್ನಡಿಗರು ಭಾವಿಸಿದರೋ ಏನೋ! ಭಾಷಾಶಾಸ್ತ್ರಜ್ಞರು ಇದಕ್ಕೆ ನಕ್ಕಾರು. ಆದರೆ ತೊಟ್ಟಿಲ ಬಳಿ ಕುಳಿತ ಮುದುಕರನ್ನು ಕೇಳಿದರೆ ಅವರು ತಲೆದೂಗದೆ ಇರಲಾರರು.

ಹೆಸರು ಮರಳಿ ಬಂದುದರಿಂದ ಮನೆಯಲ್ಲಿ ಒಂದು ತೊಡಕೂ ಹುಟ್ಟುತ್ತಿದ್ದಿತು. ಸೊಸೆಯಾದವಳು ಮಾವನ ಹೆಸರನ್ನು ಬಾಯಿಂದ ಆಡಬಾರದು. ಆ ಹೆಸರೇ ಅವಳ ಮಗನಿಗೆ ಬಂದಿತೆಂದರೆ, ಹೆತ್ತ ತಾಯಿಯು ಮಗುವನ್ನು ಕರೆಯುವುದು ಹೇಗೆ? ಅದಕ್ಕಾಗಿ ಮಗುವಿಗೆ ಕರೆಯುವ ಹೆಸರೊಂದು ಬೇರೆ. ಇಲ್ಲವೆ ‘ಅಪ್ಪ’, ‘ಅಜ್ಜ’, ‘ಮುತ್ಯಾ’ ಎಂದೇ ಕರೆಯುವುದು. ಮೂರು ತಿಂಗಳ ಕೂಸನ್ನು ‘ಬಾರೋ ನನ್ನಜ್ಜ’ ಎಂದು ತಾಯಿಯು ಎತ್ತಿಕೊಳ್ಳುವಾಗ, ಪಡಸಾಲೆಯಲ್ಲಿ ಕುಳಿತ ನಿಜವಾದ ಅಜ್ಜನಿಗೆ ಆಗುವ ಸಂತೋಷವು ಸಾಮಾನ್ಯವಲ್ಲ. ಅಷ್ಟು ವರ್ಷ ಎದುರು ನಿಂತು ಮಾತನಾಡದ ಸೊಸೆಯು ಮಗುವಿನ ನೆವದಿಂದ ಆತನನ್ನು ಮೊದಲ ಸಲ ನಂಟಿನಿಂದ ಕರೆದಂತೆಯೇ ಅದು ಆಗುತ್ತಿದ್ದಿತು.

ಮಕ್ಕಳಲ್ಲಿಯಲ್ಲದೆ ಕಲ್ಲಿನಲ್ಲಿಯೂ ಹೆಸರನ್ನು ಉಳಿಸುವ ದಾರಿ ಈ ನಾಡಿನವರಿಗೆ ತಿಳಿದಿದ್ದಿತು. ಹಿಂದೆ ಯಲಬುರ್ಗಿ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯಲ್ಲಿ ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇಗುಲವನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿರುವುದು ವಾಚಕರಿಗೆ ವಿದಿತವೇ ಇದೆ. ಅಲ್ಲಿಯೇ ಆತನು ತನ್ನ ತಂದೆತಾಯಿಗಳ ಹೆಸರಿನಲ್ಲಿಯೂ ಗುಡಿಗಳನ್ನು ಕಟ್ಟಿಸಿದನು. ಕಲ್ಲಿಗೆ ಸಾವಿಲ್ಲ, ಆದರೆ ಕಲ್ಲು ಕರೆದರೆ ಓಗೊಡುವುದಿಲ್ಲ. ಅದಕ್ಕಾಗಿಯೇ ಶಾಸನ ಬರೆಯಿಸಿದವರೆಲ್ಲರೂ ದತ್ತಿಯು ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ಹಾರೈಸಿ ಸುಮ್ಮನಾಗದೆ, ಮಕ್ಕಳೂ ಮೊಮ್ಮಕ್ಕಳೂ ಅದನ್ನು ನಡೆಸಿಕೊಂಡು ಬರಲೆಂದು ಕೂಡಿಸಿದ್ದಾರೆ.

ಇಷ್ಟು ದೂರವೂ ಅಜ್ಜಂದಿರ ಮಾತೇ ಆಯಿತು. ಅಜ್ಜಿಯರ ಪಾಡೇನು? ಶಾಸನಗಳು ರಾಣಿಯರ ಹೆಸರನ್ನು ಹೇಳುತ್ತವೆ. ಅವರು ಆಳಿದುದನ್ನೂ ದಾನ ಕೊಟ್ಟುದನ್ನೂ ಹೇಳುತ್ತವೆ. ಆದರೆ ಏಚಲದೇವಿಯು ತನ್ನ ಮಗಳ ಚೊಚ್ಚಲ ಹೆರಿಗೆಯ ಸುದ್ದಿಯನ್ನು ಹೇಗೆ ಕೇಳಿದಳು, ಯಲಬುರ್ಗಿಯ ಹಾದಿಯನ್ನು ಎಷ್ಟು ದಿನ ನೋಡಿದಳು ಎಂಬುದನ್ನು ಬರೆಯಲು ಯಾವ ಲಿಪಿಕಾರನಿಗೂ ಅಪ್ಪಣೆಯಾಗಲಿಲ್ಲ. ಈ ಲೋಪವನ್ನು ತುಂಬಿಕೊಳ್ಳಬೇಕಾದರೆ ಶಾಸನವನ್ನು ಬಿಟ್ಟು ಸಂಪ್ರದಾಯದ ಕಡೆಗೆ ತಿರುಗಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಚೊಚ್ಚಲ ಹೆರಿಗೆಯು ತವರುಮನೆಯ ಹಕ್ಕು, ಹೊರೆಯೂ ಅದೇ. ಗಂಡನ ಮನೆಯಲ್ಲಿ ಕುಬಸದ ಕಾರ್ಯವಾಗಿ, ಹಸಿರು ಸೀರೆ ಹಸಿರು ಬಳೆಗಳನ್ನು ತೊಡಿಸಿ, ಉಡಿ ತುಂಬಿ ಬಸುರಿಯನ್ನು ತಾಯಿಯ ಮನೆಗೆ ಕಳುಹುತ್ತಾರೆ. ಕುಷ್ಟಗಿಯ ನೆರೆಯಲ್ಲಿಯೇ ಇಳಕಲ್ಲು ಇದೆ, ಅದರಾಚೆಗೆ ಗುಳೇದಗುಡ್ಡವಿದೆ. ಸೀರೆಗೂ ಕುಬಸದ ಖಣಕ್ಕೂ ಈ ಸೀಮೆಯವರು ಎಂದೂ ದೂರ ಹೋಗಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ತಾಯಿಯ ತಾಯಿಯ ರಾಜ್ಯಭಾರ. ಹಳೆಯ ಸೀರೆಗಳನ್ನು ಅಡಕಿ ಕೌದಿ ಹೊಲಿಯುವುದು, ಬಾಣಂತಿಗೆ ಅಂಟಿನುಂಡೆಯನ್ನೂ ಅಳವಿಯ ಪಾಯಸವನ್ನೂ ಅಣಿಗೊಳಿಸುವುದು, ಬಜೆಯನ್ನು ತೇಯುವುದು, ಲೋಬಾನದ ಹೊಗೆ ಹಾಕುವುದು, ಎರೆಯುವುದು, ತಿಕ್ಕುವುದು. ಕೌದಿಯಲ್ಲಿ ಅಜ್ಜಿಯ ಸೀರೆಯೂ ಇರುತ್ತದೆ, ಅವಳ ಅತ್ತೆಯ ಸೀರೆಯೂ ಇರುತ್ತದೆ. ಕೂಸು ಕಣ್ಣು ಬಿಡುವ ಮೊದಲೇ ಮೂರು ತಲೆಮಾರಿನ ನೂಲು ಅದರ ಮೈಗೆ ತಾಗಿರುತ್ತದೆ. ಅಜ್ಜನು ಮೊಮ್ಮಗನಿಗೆ ಹೆಸರನ್ನು ಕೊಟ್ಟನು. ಅಜ್ಜಿಯು ಉಟ್ಟ ಬಟ್ಟೆಯನ್ನೇ ಕೊಟ್ಟಳು.

ತೊಟ್ಟಿಲಿಗಾಗಿ ಕೊಪ್ಪಳಕ್ಕೆ ಸಮೀಪದ ಕಿನ್ನಾಳವನ್ನು ನೆನೆಯದವರಿಲ್ಲ. ಅಲ್ಲಿಯ ಚಿತ್ರಗಾರರ ಹಿರಿಯರು ಹಂಪೆಯ ವಿರೂಪಾಕ್ಷನ ಗುಡಿಯ ಚಿತ್ರಗಳನ್ನು ಬರೆದವರೆಂಬ ಪ್ರತೀತಿಯುಂಟು. ಹಗುರವಾದ ಮರವನ್ನು ಕೆತ್ತಿ, ಸಂದುಗಳಿಗೆ ಗೋಣಿಯ ನಾರು, ಮರದ ಹೊಟ್ಟು, ಹುಣಿಸೆಬೀಜದ ಅಂಟು ಇವುಗಳಿಂದಾದ ‘ಕಿಟ್ಟ’ವನ್ನು ಮೆತ್ತಿ, ಮೇಲೆ ಬಣ್ಣ ಬಳಿದು, ಲಾಜವಾರವೆಂಬ ಕ್ರಮದಿಂದ ಹೊಳಪು ಕೊಟ್ಟು ಅವರು ದೇವರನ್ನೂ ಬೊಂಬೆಗಳನ್ನೂ ತೊಟ್ಟಿಲುಗಳನ್ನೂ ಮಾಡುತ್ತ ಬಂದಿದ್ದಾರೆ. ದೇವರ ಪಲ್ಲಕ್ಕಿಗೆ ಬಳಿಯುವ ಬಣ್ಣವನ್ನೇ ಕೂಸಿನ ತೊಟ್ಟಿಲಿಗೂ ಬಳಿಯುವ ಈ ಕುಶಲಿಗರಿಗೆ ಎರಡರಲ್ಲಿ ಭೇದವು ತೋರದಿದ್ದುದು ಸರಿಯಾಗಿಯೇ ಇದೆ. ಅಂಥ ತೊಟ್ಟಿಲು ಒಂದು ಕೂಸಿನದಲ್ಲ. ತಾಯಿ ಮಲಗಿದುದರಲ್ಲಿಯೇ ಮಗಳೂ ಮಲಗುವಳು, ಮಗಳ ಮಗನೂ ಮಲಗುವನು.

ಈ ವ್ಯವಸ್ಥೆಯಲ್ಲಿ ತಂದೆಯ ತಾಯಿಯ ಪಾಲು ಬೇರೆಯೇ. ವಂಶದ ಕುಡಿಯು ಅವಳದು; ಆದರೆ ಅದು ಹುಟ್ಟುವುದು ಬೀಗರ ಮನೆಯಲ್ಲಿ. ಹೆರಿಗೆಯಾದ ಸುದ್ದಿಯನ್ನು ಹೊತ್ತು ಬಂದವನಿಗೆ ಸಕ್ಕರೆ ಕೊಟ್ಟು ಬಾಯಿ ಸಿಹಿಮಾಡುವವಳು ಅವಳೇ. ಕೂಸು ಯಾರನ್ನು ಹೋಲುತ್ತದೆಂದು ಅವನನ್ನು ನೂರು ಸಲ ಕೇಳುವವಳೂ ಅವಳೇ. ತೊಟ್ಟಿಲಲ್ಲಿ ಹಾಕುವ ದಿನ ಬೀಗರ ಮನೆಗೆ ಬಂದಾಗಲೇ ಅವಳಿಗೆ ಮೊಮ್ಮಗುವಿನ ಮೊದಲ ದರ್ಶನ. ಅಂದು ಹೆಸರಿಡುವ ಹಕ್ಕು ಸೋದರತ್ತೆಗೆ. ಅವಳು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರಿದೊಡನೆ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಹಿರಿಯರೊಬ್ಬರು ಕೂಸಿನ ಕಿವಿಯಲ್ಲಿ ಅಜಾನನ್ನು ಉಚ್ಚರಿಸುತ್ತಾರೆ; ಅಖೀಖಾ ಏಳನೆಯ ದಿನಕ್ಕೆ. ಎಲ್ಲ ಮನೆಗಳಲ್ಲಿಯೂ ಕೂಸಿನ ಕಿವಿಗೆ ಬೀಳುವ ಮೊದಲ ಮಾತು ಹಿರಿಯರದೇ. ಆಮೇಲೆ ತಂದೆಯ ತಾಯಿಯು ಬರಿಗೈಯಲ್ಲಿ ಮರಳುವಳು. ಮೂರೋ ಐದೋ ತಿಂಗಳು ತುಂಬಿ ಸೊಸೆಯು ತೊಟ್ಟಿಲು ಹೊತ್ತು ಬರುವವರೆಗೆ ಅವಳ ಮನೆ ಸದ್ದಿಲ್ಲದ್ದು. ಅವಳು ಬರುವ ದಿನ ತವರಿನ ಅಜ್ಜಿಯ ಮನೆ ಸದ್ದಿಲ್ಲದ್ದಾಗುತ್ತದೆ. ಒಬ್ಬಳ ಅಂಗಳ ತುಂಬಬೇಕಾದರೆ ಇನ್ನೊಬ್ಬಳದು ಬರಿದಾಗಲೇಬೇಕು. ಈ ಲೆಕ್ಕವನ್ನು ಹೇಳುವ ಶಾಸನವಿಲ್ಲ. ಬೀಸುಕಲ್ಲಿನ ಮುಂದೆ ಹಾಡುವ ಹೆಂಗಸರು ಮಾತ್ರ ಅದನ್ನು ಮರೆತಿಲ್ಲ.

ಅಜ್ಜಿಯೆಂದೊಡನೆ ನರೆತ ತಲೆಯ, ಕೋಲೂರಿದ ಮುದುಕಿಯ ಚಿತ್ರವು ಕಣ್ಣಿಗೆ ಕಟ್ಟುವುದು ಇತ್ತೀಚಿನ ಅಭ್ಯಾಸ. ಹನ್ನೆರಡರಲ್ಲಿ ಮದುವೆ, ಹದಿನೈದು ಹದಿನಾರರಲ್ಲಿ ತಾಯಿ, ಅದೇ ವಯಸ್ಸಿನಲ್ಲಿ ಮಗಳೂ ತಾಯಿ ಎಂದು ಎಣಿಸಿದರೆ ಮೂವತ್ತು ಮೂವತ್ತೆರಡಕ್ಕೆ ಹೆಂಗಸು ಅಜ್ಜಿಯಾಗುತ್ತಿದ್ದಳು. ಮಗಳ ಬಾಣಂತನವನ್ನು ಮಾಡುವ ತಾಯಿಯ ಮಡಿಲಲ್ಲಿಯೇ ಅವಳ ಸ್ವಂತ ಕೂಸೊಂದು ಹಾಲು ಕುಡಿಯುತ್ತಿರುವುದು ಅಪರೂಪವಾಗಿರಲಿಲ್ಲ. ಸೋದರಮಾವನಿಗಿಂತ ಸೋದರಳಿಯನೇ ಹಿರಿಯನಾದ ಮನೆಗಳೂ ಇದ್ದವು. ಶಾರದಾ ಕಾನೂನೆಂದು ಹೆಸರಾದ ೧೯೨೯ರ ಬಾಲ್ಯವಿವಾಹ ನಿಷೇಧವು ೧೯೩೦ರ ಏಪ್ರಿಲಿನಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದು ಹುಡುಗಿಯ ವಯಸ್ಸನ್ನು ಹದಿನಾಲ್ಕೆಂದು ಗೊತ್ತುಮಾಡಿತು. ಆದರೆ ಈ ನಾಲ್ಕು ತಾಲ್ಲೂಕುಗಳು ಆಗ ನಿಜಾಮನ ಸಂಸ್ಥಾನದಲ್ಲಿದ್ದುದರಿಂದ ತುಂಗಭದ್ರೆಯ ಆಚೆಯ ಬಳ್ಳಾರಿಗೆ ಸಲ್ಲುತ್ತಿದ್ದ ಆ ಕಾನೂನು ಈಚೆಗೆ ಸಲ್ಲುತ್ತಿರಲಿಲ್ಲ. ಭಾರತದಲ್ಲಿ ೧೯೪೧-೫೧ರ ದಶಕದಲ್ಲಿ ಸಹ ಹುಟ್ಟಿದವರ ಸರಾಸರಿ ಆಯುಷ್ಯವು ಸುಮಾರು ೩೨ ವರ್ಷವೇ ಆಗಿದ್ದಿತು. ಇದರ ಅರ್ಥ ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿದ್ದರೆಂದಲ್ಲ; ಹುಟ್ಟಿದ ಮಕ್ಕಳಲ್ಲಿ ಬಹುಮಂದಿ ತೊಟ್ಟಿಲಿನಲ್ಲಿಯೇ ಹೋಗುತ್ತಿದ್ದರೆಂದು. ಆದುದರಿಂದ ಅಜ್ಜಿಯಾಗುವವಳ ನಿರೀಕ್ಷೆಯಲ್ಲಿ ಹಿಗ್ಗಿಗಿಂತ ಅಂಜಿಕೆಯೇ ಹೆಚ್ಚು. ಮಗಳು ಉಳಿದಾಳೋ, ಕೂಸು ಉಳಿದೀತೋ ಎಂಬ ಎರಡು ಹರಕೆಗಳನ್ನು ಅವಳು ಒಟ್ಟಿಗೆ ಹೊರುತ್ತಿದ್ದಳು. ಧಾತು-ಈಶ್ವರ ಸಂವತ್ಸರಗಳ ಬರವು, ಎಂದರೆ ೧೮೭೬-೭೮ರ ಕ್ಷಾಮವು, ರಾಯಚೂರು ಲಿಂಗಸುಗೂರು ಸೀಮೆಗಳನ್ನು ಬಡಿದಾಗ, ೧೯೧೮ರ ಇನ್‌ಫ್ಲುಯೆಂಜಾ ಹರೆಯದವರನ್ನೇ ಆರಿಸಿ ಒಯ್ದಾಗ, ಮೊಮ್ಮಕ್ಕಳನ್ನು ಮಕ್ಕಳಾಗಿ ಸಾಕಬೇಕಾಗಿ ಬಂದ ಅಜ್ಜಿಯರೆಷ್ಟು ಮಂದಿಯೋ! ಅವರಿಗೆ ಅಜ್ಜಿತನವು ಬಂದುದೇ ಎರಡನೆಯ ತಾಯ್ತನವಾಗಿ.

ಧರ್ಮಶಾಸ್ತ್ರಕಾರರು ಇದನ್ನೆಲ್ಲ ಬೇರೊಂದು ದೃಷ್ಟಿಯಿಂದ ನೋಡಿದರು. ಮನುವು ಗೃಹಸ್ಥನಿಗೆ ಗೊತ್ತುಮಾಡಿದ ಗಡುವು ಪ್ರಸಿದ್ಧವಾಗಿದೆ: ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಕಣ್ಣೆದುರಿಗೆ ಮಗನ ಮಗು, ಇಷ್ಟನ್ನು ಕಂಡೊಡನೆ ಆತನು ಅರಣ್ಯವನ್ನು ಆಶ್ರಯಿಸತಕ್ಕದ್ದು. ಅದೇ ಸ್ಮೃತಿಯು ಮಗನಿಂದ ಲೋಕಗಳೂ ಮೊಮ್ಮಗನಿಂದ ಅಮರತ್ವವೂ ದೊರೆಯುವುವೆಂದು ಹೇಳುತ್ತದೆ. ಅಮರತ್ವವು ಕೈಗೆ ಬಂದೊಡನೆ ಕಾಡಿಗೆ ಹೊರಡಬೇಕೆಂಬುದು ಕಟ್ಟುನಿಟ್ಟಾದ ವಿಧಿಯೇ ಸರಿ. ಕೊಪ್ಪಳದವರಿಗೆ ಈ ಕಾಡು ದೂರವಿರಲಿಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಮಹಾಕೊಪಣವು ಜೈನರ ದೊಡ್ಡ ತೀರ್ಥವಾಗಿದ್ದಿತು. ಪಾಲ್ಕಿಗುಂಡಿನ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಕೆತ್ತಿಸಿದುದನ್ನು ಇಂದಿಗೂ ಕಾಣಬಹುದು. ವ್ರತ ಹಿಡಿದು ಈ ಗುಡ್ಡಗಳಲ್ಲಿ ದೇಹವನ್ನು ಬಿಟ್ಟವರಲ್ಲಿ ಮೊಮ್ಮಕ್ಕಳ ಮುಖವನ್ನು ನೋಡಿ ಬಂದವರೂ ಇದ್ದಿರಬೇಕು. ಆದರೆ ಬಹುಮಂದಿ ಮುದುಕರು ಗುಡ್ಡವನ್ನು ದೂರದಿಂದಲೇ ಕೈಮುಗಿದು ತೊಟ್ಟಿಲ ಹಗ್ಗವನ್ನು ಹಿಡಿದು ಕುಳಿತರೆಂಬುದಕ್ಕೆ ಶಾಸನಾಧಾರವು ಬೇಕಾಗಿಲ್ಲ.

ಹಾಗೆ ಮನೆಯಲ್ಲಿಯೇ ಉಳಿದ ಅಜ್ಜನ ಅಧಿಕಾರಕ್ಕೆ ಮಿತಿಯನ್ನು ಹಾಕಿದವನು ಕನ್ನಡನಾಡಿನಲ್ಲಿಯೇ ಕುಳಿತು ಬರೆದ ವಿಜ್ಞಾನೇಶ್ವರ. ಆತನು ಮಿತಾಕ್ಷರವನ್ನು ಬರೆದುದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಯಲಬುರ್ಗಿಯ ಆಚುಗಿಯು ಕತ್ತಿ ಹಿಡಿದು ಸೇವೆ ಮಾಡಿದುದೂ ಆ ದೊರೆಯನ್ನೇ. ಪಿತಾಮಹನಿಂದ ಬಂದ ಭೂಮಿಯಲ್ಲಿ ತಂದೆಗೂ ಮಗನಿಗೂ ಸಮನಾದ ಸ್ವಾಮ್ಯವೆಂಬ ಯಾಜ್ಞವಲ್ಕ್ಯನ ವಚನವನ್ನು ಹಿಡಿದು, ಆ ಸ್ವಾಮ್ಯವು ಹುಟ್ಟಿನಿಂದಲೇ ಬರುವುದೆಂದು ವಿಜ್ಞಾನೇಶ್ವರನು ಸಾಧಿಸಿದನು. ಬಂಗಾಳದ ಜೀಮೂತವಾಹನನು ಇದನ್ನು ಒಪ್ಪಲಿಲ್ಲ. ತಂದೆಯು ಬದುಕಿರುವವರೆಗೆ ಮಗನಿಗೆ ಹಕ್ಕಿಲ್ಲವೆಂದನು. ಕನ್ನಡಿಗರ ಮನೆಯಲ್ಲಿ ನಡೆದುದು ಮಿತಾಕ್ಷರವೇ. ಅದರ ಪರಿಣಾಮವನ್ನು ಯೋಚಿಸಬೇಕು. ಗಂಡುಕೂಸು ಮೊದಲ ಉಸಿರನ್ನು ಎಳೆದ ಕ್ಷಣದಲ್ಲಿಯೇ ಪಿತ್ರಾರ್ಜಿತದ ಹೊಲದಲ್ಲಿ ಅದು ಪಾಲುಗಾರನಾಯಿತು; ಅಜ್ಜನ ಒಡೆತನದಲ್ಲಿ ಇನ್ನೊಬ್ಬನು ಸೇರಿಕೊಂಡಂತಾಯಿತು. ಸಕ್ಕರೆ ಹಂಚುವ ಕೈಯಿಂದಲೇ ಹೊಲವೂ ಜಾರುತ್ತಿದ್ದಿತು. ಇದನ್ನು ತಿಳಿದೂ ಮುದುಕರು ಗಂಡುಕೂಸಿಗಾಗಿ ಹರಕೆ ಹೊತ್ತರು. ಹೆಸರು ಉಳಿಯುವುದಾದರೆ ಹೊಲದ ಮೇಲಿನ ಒಡೆತನ ಹಂಚಿಹೋದರೂ ಅಡ್ಡಿಯಿಲ್ಲವೆಂಬುದು ಅವರ ಎಣಿಕೆಯಾಗಿದ್ದಿರಬೇಕು. ಹೆಣ್ಣುಕೂಸಿಗೆ ಹೆಸರಿನಲ್ಲಿಯೂ ಹೊಲದಲ್ಲಿಯೂ ಈ ಪಾಲು ದೊರೆಯಲಿಲ್ಲವೆಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನು ಹಳೆಯ ಕ್ರಮವನ್ನು ಬಹುಮಟ್ಟಿಗೆ ಸಡಿಲಿಸಿತು. ಕರ್ನಾಟಕದಲ್ಲಿ ೧೯೯೪ರಲ್ಲಿ, ದೇಶಕ್ಕೆಲ್ಲ ೨೦೦೫ರಲ್ಲಿ, ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಬಂದಿತು. ವಿಜ್ಞಾನೇಶ್ವರನಿಗೂ ಅವರಿಗೂ ನಡುವೆ ಸುಮಾರು ಒಂಬತ್ತು ನೂರು ವರ್ಷಗಳು.

ನಿರೀಕ್ಷೆಯಂತೆ ಎಲ್ಲವೂ ನಡೆಯುವುದಿಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ೯೧೪ರ ಸುಮಾರಿನವರೆಗೆ ದೀರ್ಘಕಾಲ ಆಳಿದನು. ಆದರೆ ಆತನ ಮಗ ಜಗತ್ತುಂಗನು ತಂದೆಯ ಕಣ್ಣೆದುರಿನಲ್ಲಿಯೇ ತೀರಿಕೊಂಡುದರಿಂದ ಸಿಂಹಾಸನವು ಮೊಮ್ಮಗ ಇಂದ್ರನಿಗೆ ಬಂದಿತು. ಅಜ್ಜನಿಂದ ಮೊಮ್ಮಗನಿಗೆ ನೇರವಾಗಿ ರಾಜ್ಯವು ಬಂದಿತೆಂದು ಚರಿತ್ರೆಯು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಆ ಸಾಲಿನ ನಡುವೆ ಒಬ್ಬ ಮಗನ ಚಿತೆಯಿದೆ. ಇನ್ನೂ ಹಿಂದಕ್ಕೆ ಹೋದರೆ ಅಶೋಕ ಚಕ್ರವರ್ತಿಯು ಇದ್ದಾನೆ. ಆತನ ಕಿರು ಶಿಲಾಶಾಸನಗಳು ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಇವೆ. ಬೇರೆಡೆಗಳಲ್ಲಿಯ ಹಿರಿಯ ಶಿಲಾಶಾಸನಗಳಲ್ಲಿ ಆತನು ತನ್ನ ಮಕ್ಕಳೂ ಮೊಮ್ಮಕ್ಕಳೂ ಮರಿಮಕ್ಕಳೂ ಧರ್ಮವನ್ನು ಬೆಳೆಸುವರೆಂದು ಮತ್ತೆ ಮತ್ತೆ ನಂಬಿ ಬರೆಯಿಸಿದನು. ಮೊಮ್ಮಗ ದಶರಥನು ಬಿಹಾರದ ನಾಗಾರ್ಜುನಿ ಗುಡ್ಡದಲ್ಲಿ ಆಜೀವಿಕರಿಗೆ ಗುಹೆಗಳನ್ನು ಕೊಟ್ಟು, ಅಜ್ಜನ ‘ದೇವಾನಾಂಪ್ರಿಯ’ ಬಿರುದನ್ನು ತಾನೂ ಧರಿಸಿದನು. ಹೆಸರಲ್ಲದಿದ್ದರೂ ಬಿರುದಾದರೂ ಉಳಿಯಿತು. ರಾಜ್ಯವು ಮಾತ್ರ ಹೆಚ್ಚು ಕಾಲ ಉಳಿಯಲಿಲ್ಲ.

ಬಿರುದು ಹೀಗೆ ಅಜ್ಜನಿಂದ ಮೊಮ್ಮಗನಿಗೆ ಇಳಿದ ಇನ್ನೊಂದು ಸಂಗತಿಯು ಕೊಪ್ಪಳ ಯಲಬುರ್ಗಿಗಳ ಇತ್ತೀಚಿನ ಚರಿತ್ರೆಗೇ ಸೇರಿದುದು. ಈ ಎರಡು ತಾಲ್ಲೂಕುಗಳು ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದವು. ೧೮೫೩ರಿಂದ ಮೂವತ್ತು ವರ್ಷ ನಿಜಾಮನ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ೧೮೮೩ರಲ್ಲಿ ತೀರಿಕೊಂಡನು. ಮೊಮ್ಮಗ ಮೀರ್ ಯೂಸುಫ್ ಅಲಿ ಖಾನನು ಹುಟ್ಟಿದುದು ೧೮೮೯ರ ಜೂನಿನಲ್ಲಿ. ಅಜ್ಜನು ಅವನ ಮುಖವನ್ನು ಕಾಣಲಿಲ್ಲ. ಅದೇ ವರ್ಷ ತಂದೆ, ಎರಡನೆಯ ಸಾಲಾರ್ ಜಂಗನೂ, ತೀರಿಕೊಂಡನು. ತೊಟ್ಟಿಲಲ್ಲಿದ್ದ ಕೂಸಿಗೆ ಬಿರುದೂ ಬಂದಿತು, ಜಹಗೀರಿಯೂ ಬಂದಿತು. ಬಿರುದನ್ನು ಹೇಗೆ ಹೊರಬೇಕೆಂದು ಹೇಳಿಕೊಡತಕ್ಕ ಇಬ್ಬರೂ ಇಲ್ಲವಾಗಿದ್ದರು. ಆತನು ೧೯೧೨ರಿಂದ ೧೯೧೪ರವರೆಗೆ ಅಜ್ಜನು ಕುಳಿತಿದ್ದ ದಿವಾನಗಿರಿಯಲ್ಲಿ ಕುಳಿತು ಬಿಟ್ಟುಕೊಟ್ಟನು. ಉಳಿದ ಆಯುಷ್ಯವನ್ನೆಲ್ಲ ಲೋಕದ ಮೂಲೆಮೂಲೆಗಳಿಂದ ಕಲಾವಸ್ತುಗಳನ್ನು ಕೂಡಿಹಾಕುವುದರಲ್ಲಿ ಕಳೆದನು. ಆ ವಸ್ತುಗಳ ಜೊತೆಯಲ್ಲಿ ಅಜ್ಜನು ೧೮೭೬ರಲ್ಲಿ ರೋಮಿನಿಂದ ಕೊಂಡು ತಂದ, ಮುಸುಕು ಹಾಕಿದ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯೂ ಇದ್ದಿತು. ಆತನು ಮದುವೆಯಾಗಲಿಲ್ಲ. ೧೯೪೯ರ ಮಾರ್ಚಿನಲ್ಲಿ ಆತನು ತೀರಿಕೊಂಡಾಗ ಬಿರುದನ್ನು ಹೊರಲು ಮಗನಿರಲಿಲ್ಲ, ಮೊಮ್ಮಗನಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದು ಸಂಸ್ಥಾನದ ಜಹಗೀರುಗಳೇ ರದ್ದಾದುವು. ೧೯೫೧ರ ಡಿಸೆಂಬರದಲ್ಲಿ ಹೈದರಾಬಾದಿನಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಸಾಲಾರ್ ಜಂಗ್ ಎಂಬ ಹೆಸರನ್ನು ಇಟ್ಟರು. ಅಜ್ಜನು ತಂದ ಪ್ರತಿಮೆಯು ಅಲ್ಲಿಯೇ ಇದೆ.